ಬಂಡೇಳುವ ಕೆಡೆಟ್: ‘ದಿ ಸ್ಟ್ರೇಂಜ್ ಒನ್’ ನೋಡಬೇಕೇ, ‘ಟ್ಯಾಪ್ಸ್’ ನೋಡಬೇಕೇ?

ಅಮೆರಿಕದ ಸೈನಿಕ ಶಾಲೆಗಳ ಕಥೆ ಹೇಳುವ ಹಳೆಯ ಚಿತ್ರಗಳಲ್ಲಿ ಒಂದನ್ನು ಮಾತ್ರ ನೋಡಲು ಬಿಡುವಿರುವವರು ಈ ಎರಡರ ನಡುವೆ ಯೋಚಿಸಿ ಆರಿಸುವುದು ಒಳ್ಳೆಯದು.

ಜ್ಯಾಕ್ ಗಾರ್ಫೈನ್ ನಿರ್ದೇಶಿಸಿದ ‘ದಿ ಸ್ಟ್ರೇಂಜ್ ಒನ್’ (1957) ಕಪ್ಪು-ಬಿಳುಪು ಚಿತ್ರ. ಬೆನ್ ಗಜಾರಾ ತಮ್ಮ ಈ ಮೊದಲ ಚಿತ್ರದಲ್ಲೇ ಜೋಕೊ ಎಂಬ ಹಿರಿಯ ಕೆಡೆಟ್ಟಿನ ಕ್ರೌರ್ಯವನ್ನು ದನಿಯೇರಿಸದೆ ತೋರಿಸುತ್ತಾರೆ. ಸಿಗರೇಟನ್ನು ಉದ್ದನೆಯ ಕೊಳವೆಗೆ ಸಿಕ್ಕಿಸಿಕೊಂಡು, ನಗುತ್ತಲೇ ಕಿರಿಯರನ್ನು ಹೆದರಿಸುವ ಆತ ನಿಯಮಗಳನ್ನು ಮುರಿಯುವುದೂ ಅವುಗಳ ಮರೆಯಲ್ಲಿಯೇ.

ಹೆರಾಲ್ಡ್ ಬೆಕರ್ ಅವರ ‘ಟ್ಯಾಪ್ಸ್’ನಲ್ಲಿ (1981) ಬಂಡಾಯವು ವಿಧೇಯತೆಯಿಂದಲೇ ಹುಟ್ಟುತ್ತದೆ. ಶಾಲೆಯನ್ನು ಮುಚ್ಚಿ ಆ ಜಾಗದಲ್ಲಿ ವಸತಿ ಸಂಕೀರ್ಣ ಕಟ್ಟಲು ಆಡಳಿತ ಮಂಡಳಿ ನಿರ್ಧರಿಸಿದಾಗ, ಶಾಲೆಯ ಮುಖ್ಯಸ್ಥ ಜನರಲ್ ಬೇಷ್ ಕಲಿಸಿದ ಗೌರವದ ಪಾಠವನ್ನು ಅಕ್ಷರಶಃ ನಂಬಿದ ಹಿರಿಯ ಕೆಡೆಟ್ ಬ್ರಯಾನ್ ಮೋರ್ಲ್ಯಾಂಡ್ ಸಹಪಾಠಿಗಳೊಡನೆ ಆಯುಧ ಹಿಡಿದು ಶಾಲೆಯನ್ನೇ ವಶಪಡಿಸಿಕೊಳ್ಳುತ್ತಾನೆ. ಮೀಸೆ ಮೂಡದ ಹುಡುಗರು ತಮ್ಮ ಕೈಗೆ ಭಾರವಾದ ರೈಫಲ್ ಹಿಡಿದು ಕಾವಲು ನಿಲ್ಲುವ ದೃಶ್ಯಗಳು ಮನಸ್ಸನ್ನು ಕಲಕುತ್ತವೆ. ಮೋರ್ಲ್ಯಾಂಡ್ ಆಗಿ ನಟಿಸಿದ ಟಿಮೊಥಿ ಹಟನ್ ಜೊತೆಗೆ ಷಾನ್ ಪೆನ್ ಮತ್ತು ಟಾಮ್ ಕ್ರೂಸ್ ಅವರನ್ನು ಅವರ ವೃತ್ತಿಯ ಆರಂಭದಲ್ಲಿಯೇ ಇಲ್ಲಿ ಕಾಣಬಹುದು.

ಒಬ್ಬ ಪೀಡಕನ ಮನಸ್ಸನ್ನು ಹತ್ತಿರದಿಂದ ನೋಡಬಯಸುವವರಿಗೆ ಮೊದಲನೆಯದು ಸರಿ. ನನ್ನ ಆಯ್ಕೆ ಮಾತ್ರ ‘ಟ್ಯಾಪ್ಸ್’, ಏಕೆಂದರೆ ಅದರಲ್ಲಿ ತಪ್ಪು ಹಾದಿ ಹಿಡಿಯುವವನು ಒಳ್ಳೆಯ ಹುಡುಗ.