ಲಕ್ಷದ್ವೀಪದ ಹಡಗು ಪ್ರವಾಸ: ನಾಲ್ಕು ಮಂದಿಗೆ ಎಷ್ಟು ಲಗೇಜು ಬೇಕು?

ಕಾಸರಗೋಡಿನ ಕಡೆಯ ಮನೆಗಳಲ್ಲಿ ಲಗೇಜು ಎಂದರೆ ಮೊದಲು ನೆನಪಾಗುವುದು ಗಲ್ಫಿನ ವಿಮಾನ. ದೊಡ್ಡ ಪೆಟ್ಟಿಗೆಗೆ 30 ಕಿಲೊ, ಕೈಚೀಲಕ್ಕೆ 7 ಕಿಲೊ ಎಂಬ ಲೆಕ್ಕ ಇಲ್ಲಿಯ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ನಾಲ್ಕು ಬದಿಗೂ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದು, ತೂಕ ಅರ್ಧ ಕಿಲೊ ಹೆಚ್ಚಾದರೆ ಮತ್ತೆ ಹಗ್ಗ ಬಿಚ್ಚಿ ಒಂದು ಕಟ್ಟು ಹಪ್ಪಳವನ್ನು ಹೊರಗಿಡುವುದನ್ನು ನೋಡುತ್ತಲೇ ಬೆಳೆದವರು ನಾವು. ಹಾಗಾಗಿ ಮೊದಲ ಬಾರಿಗೆ ಹಡಗಿನಲ್ಲಿ ಹೊರಟಾಗ, ತೂಗಿ ನೋಡಿ ಇಷ್ಟೇ ಎಂದು ಹೇಳುವವರು ಯಾರೂ ಇಲ್ಲದ್ದರಿಂದ, ಎಷ್ಟು ಕಟ್ಟಬೇಕೆಂಬುದೇ ನಮಗೆ ತಿಳಿಯಲಿಲ್ಲ.

ನಾವು ಹೋದದ್ದು ಕೊಚ್ಚಿಯಿಂದ ಹೊರಡುವ ಐದು ದಿನಗಳ ‘ಸಮುದ್ರಂ’ ಪ್ರವಾಸಕ್ಕೆ. ಲಕ್ಷದ್ವೀಪ ಆಡಳಿತದ ವತಿಯಿಂದ ನಡೆಯುವ ಈ ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳನ್ನು ನೋಡಬಹುದು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ ಎಂಬುದು ಇದರ ಕ್ರಮ. ನಾನು, ನನ್ನ ಹೆಂಡತಿ, 11 ವರ್ಷದ ಮಗಳು ಮತ್ತು 68 ವರ್ಷದ ನನ್ನ ಅಮ್ಮ, ಒಟ್ಟು ನಾಲ್ಕು ಮಂದಿ. ಈ ವಿಮರ್ಶೆಯನ್ನು ಲಗೇಜಿನ ಕಡೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಮಕ್ಕಳನ್ನೂ ಹಿರಿಯರನ್ನೂ ಜತೆಗೆ ಕರೆದುಕೊಂಡು ಹೋಗುವವರ ಸುಖ ಬಹುಮಟ್ಟಿಗೆ ಅವರು ಕಟ್ಟಿಕೊಂಡ ಚೀಲಗಳನ್ನೇ ಅವಲಂಬಿಸಿರುತ್ತದೆ ಎಂಬುದು ನನಗೆ ಈ ಐದು ದಿನಗಳಲ್ಲಿ ಮನದಟ್ಟಾಯಿತು.

ಟಿಕೆಟ್ ಮಾಡಿಕೊಟ್ಟ ಏಜೆಂಟರನ್ನು ಕೇಳಿದಾಗ, “ಹಡಗಲ್ಲವೇ, ಎಷ್ಟು ಬೇಕಾದರೂ ತನ್ನಿ” ಎಂದರು. ಅವರ ಮಾತನ್ನು ನಂಬಿ ನಾವು ಮೂರು ದೊಡ್ಡ ಟ್ರಾಲಿ ಬ್ಯಾಗುಗಳನ್ನೂ ಎರಡು ಹೆಗಲ ಚೀಲಗಳನ್ನೂ ತುಂಬಿದೆವು. ಹೊರಡುವ ಹಿಂದಿನ ದಿನ ಎಲ್ಲವನ್ನೂ ಜಗಲಿಯಲ್ಲಿ ಸಾಲಾಗಿ ಇಟ್ಟು, ಅಡಿಕೆ ತೂಗುವ ಕೊಕ್ಕೆಯ ತಕ್ಕಡಿಗೆ ಒಂದೊಂದಾಗಿ ತೂಗುಹಾಕಿ ನೋಡಿದರೆ ಒಟ್ಟು 58 ಕಿಲೊ. ಅಮ್ಮ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದವರು, “ಹಡಗಿಗೆ ಭಾರ ಆಗ್ಲಿಕ್ಕಿಲ್ಲ ಮಗ, ಆದ್ರೆ ಇದನ್ನು ಹೊರುವುದು ಯಾರು?” ಎಂದು ಕೇಳಿದರು. ಏಜೆಂಟರು ಹೇಳಬೇಕಾಗಿದ್ದ ಮಾತು ಅದು. ಆ ರಾತ್ರಿಯೇ ಒಂದು ದೊಡ್ಡ ಬ್ಯಾಗನ್ನು ಪೂರ್ತಿ ಕೈಬಿಟ್ಟು, ಇನ್ನೊಂದರ ಬದಲಿಗೆ ಮಧ್ಯಮ ಗಾತ್ರದ್ದನ್ನು ತೆಗೆದುಕೊಂಡು, ಭಾರವನ್ನು 39 ಕಿಲೊಗೆ ಇಳಿಸಿದೆವು. ಅದೂ ಹೆಚ್ಚೇ ಆಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮನೆಯ ಬಾಗಿಲಿನಿಂದ ಹಡಗಿನ ಕೋಣೆಯವರೆಗೆ ಒಂದು ಚೀಲವನ್ನು ಎಷ್ಟು ಬಾರಿ ಎತ್ತಿ ಇಳಿಸಬೇಕಾಗುತ್ತದೆ ಎಂದು ನಾನು ಮೊದಲೇ ಎಣಿಸಬೇಕಾಗಿತ್ತು. ಮನೆಯಿಂದ ಜೀಪಿಗೆ, ಜೀಪಿನಿಂದ ಕಾಸರಗೋಡು ರೈಲು ನಿಲ್ದಾಣದ ಮೇಲ್ಸೇತುವೆಗೆ, ಅಲ್ಲಿಂದ ರಾತ್ರಿಯ ರೈಲಿನ ಸೀಟಿನಡಿಗೆ, ಬೆಳಗ್ಗೆ ಎರ್ನಾಕುಳಂನಲ್ಲಿ ಮತ್ತೆ ಕೆಳಕ್ಕೆ, ಟ್ಯಾಕ್ಸಿಯಲ್ಲಿ ಕೊಚ್ಚಿಯ ಬಂದರು ಇರುವ ವಿಲ್ಲಿಂಗ್ಡನ್ ದ್ವೀಪಕ್ಕೆ, ಅಲ್ಲಿ ತಪಾಸಣೆಯ ಯಂತ್ರಕ್ಕೆ, ಬಳಿಕ ಹಡಗಿನ ಏಣಿಗೆ, ಕೊನೆಗೆ ಒಳಗಿನ ಇಕ್ಕಟ್ಟಾದ ಮೆಟ್ಟಿಲುಗಳಿಗೆ. ಹಿಂದಿರುಗುವಾಗ ಇದೇ ಕ್ರಮ ತಿರುಗುಮುರುಗು. ಇದಲ್ಲದೆ ಇದು ಪ್ರವಾಸಿಗಳಿಗೆಂದೇ ಇರುವ ಹಡಗಲ್ಲ, ದ್ವೀಪದ ಜನರು ಆಸ್ಪತ್ರೆಗೆ, ಕಾಲೇಜಿಗೆ, ಸಾಮಾನು ಖರೀದಿಗೆ ಹೋಗಿಬರುವ ಹಡಗು. ಅವರಿಗೆ ಫ್ಯಾನು, ಹಾಸಿಗೆ, ಮಕ್ಕಳ ಸೈಕಲ್ಲು ಎಲ್ಲವೂ ಕೊಚ್ಚಿಯಿಂದಲೇ ಹೋಗಬೇಕು. ನಮ್ಮ ಮುಂದೆ ಸಾಲಿನಲ್ಲಿ ನಿಂತಿದ್ದ ಒಂದು ಕುಟುಂಬದ ಬಳಿ ಹಗ್ಗ ಬಿಗಿದ ಆರು ಪೆಟ್ಟಿಗೆಗಳಿದ್ದವು, ಒಂದೊಂದರ ಮೇಲೂ ಹೆಸರು ಮತ್ತು ದ್ವೀಪ ಬರೆದಿತ್ತು. ಅವರ ಲಗೇಜು ಬದುಕಿಗೆ ಬೇಕಾದದ್ದು. ಸುತ್ತಾಡಲು ಹೋಗುವ ನಾವು ಆ ಇಕ್ಕಟ್ಟಿನಲ್ಲಿ ಹೆಚ್ಚು ಜಾಗ ಹಿಡಿಯುವುದು ಸರಿಯಲ್ಲ ಎಂದು ನನಗೆ ಅಲ್ಲಿ ನಿಂತಾಗ ಬಲವಾಗಿ ಅನಿಸಿತು.

ಕೋಣೆ ಚೊಕ್ಕಟವಾಗಿತ್ತು, ಹಾಸಿಗೆ ಹೊದಿಕೆಗಳು ಶುಭ್ರವಾಗಿದ್ದವು. ಆದರೆ ಹಡಗಿನ ಕೋಣೆಯಲ್ಲಿ ಎರಡು ಬ್ಯಾಗುಗಳನ್ನು ನೆಲದ ಮೇಲೆ ಒಟ್ಟಿಗೆ ಬಿಚ್ಚಿ ಹರಡುವಷ್ಟು ಜಾಗವನ್ನು ನಿರೀಕ್ಷಿಸಬಾರದು. ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಟ್ರಾಲಿಯು ಮಂಚದ ಕೆಳಗೆ ತೂರಲಿಲ್ಲ. ಬಟ್ಟೆಯ ಮೆತ್ತನೆಯ ಬ್ಯಾಗು ಒತ್ತಿದ ಹಾಗೆ ಒಳಗೆ ಹೋಯಿತು. ನಾಲ್ಕು ರಾತ್ರಿಯೂ ಆ ಟ್ರಾಲಿ ಬಾಗಿಲ ಬಳಿ ನಿಂತೇ ಇತ್ತು, ಸಮುದ್ರ ಸ್ವಲ್ಪ ಏರಿಳಿದಾಗ ಚಕ್ರದ ಮೇಲೆ ಅತ್ತಿತ್ತ ಸರಿಯುತ್ತಿತ್ತು, ಕೊನೆಗೆ ಅದನ್ನು ಮಲಗಿಸಿ, ಮೈಯೊರಸುವ ಒಂದು ಬೈರಾಸಿನಿಂದ ಮಂಚದ ಕಾಲಿಗೆ ಕಟ್ಟಿದೆವು.

ಲಗೇಜಿನ ನಿಜವಾದ ಪರೀಕ್ಷೆ ಇರುವುದು ಹಡಗಿನಿಂದ ದ್ವೀಪಕ್ಕೆ ಇಳಿಯುವಾಗ. ದ್ವೀಪಗಳ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ತಿಳಿನೀರು. ದೊಡ್ಡ ಹಡಗು ಅಲ್ಲಿಗೆ ಹೋಗಲಾರದು. ನಮ್ಮ ಹಡಗು ಹೊರಗೆ ನಿಂತಿತು, ಮೋಟಾರು ದೋಣಿಗಳು ಅದರ ಮಗ್ಗುಲಿಗೆ ಬಂದವು. ಹಡಗಿನ ಬದಿಯ ಬಾಗಿಲಿನಲ್ಲಿ ನಿಂತರೆ ಕೆಳಗೆ ದೋಣಿ ಒಮ್ಮೆ ಮೊಣಕಾಲಿನ ಎತ್ತರಕ್ಕೆ ಬರುತ್ತದೆ, ಮರುಕ್ಷಣ ಆಳಕ್ಕೆ ಇಳಿಯುತ್ತದೆ. ಅದು ಮೇಲಕ್ಕೆ ಬಂದ ಗಳಿಗೆಯಲ್ಲಿ, ಸಿಬ್ಬಂದಿ ಹೇಳಿದ ಕೂಡಲೇ ಕಾಲಿಡಬೇಕು. ಆಗ ಎರಡು ಕೈಗಳೂ ಖಾಲಿ ಇರಬೇಕು. ಇತ್ತಲಿನ ಸಿಬ್ಬಂದಿ ಒಂದು ಕೈಯನ್ನೂ ದೋಣಿಯವರು ಇನ್ನೊಂದು ಕೈಯನ್ನೂ ಹಿಡಿದು ಅಮ್ಮನನ್ನು ಇಳಿಸಿದ ರೀತಿಯನ್ನು ನಾನು ಮರೆಯಲಾರೆ. ಅವಸರವಿಲ್ಲ, ಗದರಿಕೆಯಿಲ್ಲ, ಎರಡು ಅಲೆಗಳನ್ನು ಬಿಟ್ಟು ಮೂರನೆಯದಕ್ಕೆ ಇಳಿಸಿದರು. ಈ ಪ್ರವಾಸದ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇದನ್ನು.

ಹಗಲಿನ ಚೀಲ ಹೇಗಿರಬೇಕು ಎಂಬುದು ಈ ಒಂದು ಹೆಜ್ಜೆಯಿಂದಲೇ ತೀರ್ಮಾನವಾಗುತ್ತದೆ. ಕೈಯಲ್ಲಿ ಹಿಡಿಯುವ ಚೀಲವಾಗಲಿ ಒಂದೇ ಹೆಗಲಿಗೆ ಜೋತುಬೀಳುವ ಚೀಲವಾಗಲಿ ಬೇಡ. ಎರಡು ಪಟ್ಟಿಗಳಿರುವ ಬೆನ್ನಿನ ಚೀಲವೇ ಬೇಕು. ಲೈಫ್ ಜಾಕೆಟ್ ತೊಟ್ಟ ಮೇಲೆ ಚೀಲದ ಪಟ್ಟಿ ಹೆಗಲಿಗೆ ಏರಬೇಕಾದ್ದರಿಂದ ಪಟ್ಟಿಯನ್ನು ಕೋಣೆಯಲ್ಲಿಯೇ ಸಡಿಲಿಸಿಟ್ಟುಕೊಳ್ಳಬೇಕು. ನಾವು ನಾಲ್ವರಿಗೆ ಅಂತಹ ಎರಡು ಚೀಲಗಳು, ಒಂದೊಂದು ಮೂರು ಕಿಲೊ: ಒಣಬಟ್ಟೆ ಒಂದೊಂದು ಜತೆ, ಬೈರಾಸು, ಸ್ಟೀಲಿನ ನೀರಿನ ಬಾಟಲಿ, ಟೋಪಿ, ಮದ್ದು, ಪ್ರವೇಶಪತ್ರ ಮತ್ತು ಗುರುತಿನ ಚೀಟಿ. ದೋಣಿ ಓಡುವಾಗ ಉಪ್ಪುನೀರು ಸಿಡಿಯುತ್ತದೆ. ಮೊದಲ ದಿನ ಮಗಳ ಚಿತ್ರದ ಪುಸ್ತಕ ಒದ್ದೆಯಾಗಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು, ಎರಡನೆಯ ದಿನದಿಂದ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟೆವು. ಚಪ್ಪಲಿಗೆ ಹಿಂಬದಿ ಪಟ್ಟಿ ಇರುವುದು ಅಗತ್ಯ. ಹವಾಯಿ ಚಪ್ಪಲಿ ಕಾಲಿಡುವಾಗ ಜಾರುತ್ತದೆ, ಹವಳದ ಚೂರುಗಳಿರುವ ನೀರಿನಲ್ಲಿ ಕಳಚಿಯೂ ಹೋಗುತ್ತದೆ. ಅಮ್ಮ ಸೀರೆಯನ್ನೇ ಉಟ್ಟರು, ಆದರೆ ತುಸು ಮೇಲೆ ಉಟ್ಟು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು, ತೋಟಕ್ಕೆ ಇಳಿಯುವಾಗ ಉಡುವ ಹಾಗೆ.

ಇನ್ನೊಂದು ಸಂಗತಿ ಅನುಭವಿಸಿದವರಿಗೆ ಮಾತ್ರ ಗೊತ್ತಾಗುವಂಥದ್ದು. ಮೊದಲ ರಾತ್ರಿ ನನ್ನ ಹೆಂಡತಿಗೆ ಹೊಟ್ಟೆ ತೊಳಸತೊಡಗಿತು. ವಾಂತಿಯ ಮಾತ್ರೆ ದೊಡ್ಡ ಬ್ಯಾಗಿನ ತಳದಲ್ಲಿತ್ತು. ಹಡಗು ಹೊಯ್ದಾಡುತ್ತಿರುವಾಗ ತಲೆ ಬಗ್ಗಿಸಿ ಬ್ಯಾಗಿನಲ್ಲಿ ತಡಕಾಡಿದ ನನಗೂ ತಲೆ ತಿರುಗಿತು. ಮಾತ್ರೆ ಸಿಕ್ಕಿದರೂ ಪ್ರಯೋಜನವಾಗಲಿಲ್ಲ, ಅದನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಆದ್ದರಿಂದ ಮಾತ್ರೆ, ಅಮ್ಮನ ರಕ್ತದೊತ್ತಡದ ಮದ್ದು, ರಾತ್ರಿಯ ಉಡುಪು, ಹಲ್ಲುಜ್ಜುವ ಬ್ರಷ್ಷು ಇವಿಷ್ಟೂ ಬಗ್ಗದೆ ಕೈಗೆ ಸಿಗುವಂತೆ ಬೆನ್ನಿನ ಚೀಲದ ಮೇಲ್ಭಾಗದಲ್ಲಿರಬೇಕು. ಮೊದಲ ರಾತ್ರಿ ದೊಡ್ಡ ಬ್ಯಾಗನ್ನು ಬಿಚ್ಚುವ ಪ್ರಸಂಗವೇ ಬರಬಾರದು. ಬಟ್ಟೆಗಳನ್ನು ಒಬ್ಬೊಬ್ಬರದ್ದಾಗಿ ಕಟ್ಟುವುದಕ್ಕಿಂತ ದಿನಗಳ ಪ್ರಕಾರ ಕಟ್ಟುವುದು ಮೇಲು ಎಂಬುದೂ ಅಲ್ಲಿಯೇ ಹೊಳೆಯಿತು. ಒಂದೊಂದು ದಿನಕ್ಕೆ ನಾಲ್ವರ ಬಟ್ಟೆಯ ಒಂದೊಂದು ಕಟ್ಟು ಇದ್ದರೆ ಬೆಳಗ್ಗೆ ಒಂದನ್ನು ಎತ್ತಿಕೊಂಡರೆ ಸಾಕು.

ಬಟ್ಟೆಯ ಲೆಕ್ಕವನ್ನು ಕೆಡಿಸುವುದು ಸಮುದ್ರಸ್ನಾನ. ಉಪ್ಪುನೀರಿನಲ್ಲಿ ನೆನೆದ ಬಟ್ಟೆ ಏಸಿ ಕೋಣೆಯಲ್ಲಿ ಸರಿಯಾಗಿ ಒಣಗುವುದಿಲ್ಲ, ಮರುದಿನ ಅಂಟಂಟಾಗಿಯೇ ಇರುತ್ತದೆ. ಹಾಗಾಗಿ ನೀರಿಗಿಳಿಯುವ ಉಡುಪು ಎರಡು ಜತೆ ಇರಲಿ, ಉಳಿದದ್ದನ್ನು ಕಡಿಮೆ ಮಾಡಿ. ದ್ವೀಪಗಳಲ್ಲಿ ಊರೊಳಗೆ ಮೈತುಂಬ ಬಟ್ಟೆ ಉಡುವುದು ಅಲ್ಲಿಯ ಜನರಿಗೆ ನಾವು ತೋರಿಸಬೇಕಾದ ಗೌರವ. ದಪ್ಪ ಟರ್ಕಿ ಟವಲ್‌ಗಳು ಚೀಲದ ಕಾಲುಭಾಗವನ್ನು ನುಂಗುತ್ತವೆ. ನಮ್ಮ ಕಡೆಯ ತೆಳ್ಳಗಿನ ಹತ್ತಿಯ ಬೈರಾಸು ಅದರ ಮೂರನೆಯ ಒಂದು ಪಾಲು ತೂಕವೂ ಇಲ್ಲ, ಡೆಕ್ಕಿನ ಗಾಳಿಯಲ್ಲಿ ಬೇಗನೆ ಒಣಗುತ್ತದೆ. ಕೋಣೆಯ ಚಳಿಗೆ ಅಮ್ಮನಿಗೊಂದು ಶಾಲು ಬೇಕೇ ಬೇಕು.

ದೊಡ್ಡ ಟ್ರಾಲಿ ಬ್ಯಾಗಿನ ಬಗ್ಗೆಯೂ ಹೇಳಬೇಕು. ಈ ಪ್ರಯಾಣಕ್ಕೆಂದೇ ಕೊಂಡದ್ದು, ಅಂಗಡಿಯವರು ಚಕ್ರಕ್ಕೆ ಭರವಸೆ ಕೊಟ್ಟದ್ದು. ವಿಲ್ಲಿಂಗ್ಡನ್ ದ್ವೀಪದ ಇಂಟರ್‌ಲಾಕ್ ನೆಲದ ಮೇಲೆ ಇನ್ನೂರು ಹೆಜ್ಜೆ ಎಳೆಯುವಷ್ಟರಲ್ಲಿ ಒಂದು ಚಕ್ರದ ರಬ್ಬರು ಕಿತ್ತುಬಂತು. ಊರಿಗೆ ಮರಳಿ ಕೇಳಿದರೆ, ಚಕ್ರಕ್ಕೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದರು. ಕೊಳ್ಳುವಾಗ ಬ್ಯಾಗನ್ನು ನುಣುಪಾದ ಟೈಲ್ಸಿನ ಮೇಲೆ ಉರುಳಿಸಿ ನೋಡಿ ಮೆಚ್ಚಬೇಡಿ, ಅಂಗಡಿಯ ಮುಂದಿನ ರಸ್ತೆಗೆ ಇಳಿಸಿ ನೋಡಿ, ಗ್ಯಾರಂಟಿಯ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಿಂದಿರುಗುವಾಗ ತರುವ ಸಾಮಾನಿಗೆಂದು ಹೆಚ್ಚು ಜಾಗ ಬಿಡಬೇಕಾಗಿಲ್ಲ. ಹವಳವನ್ನು ಎತ್ತಿಕೊಂಡು ಬರುವುದಕ್ಕೆ ನಿಷೇಧವಿದೆ, ಅದು ಹಾಗೆಯೇ ಇರಬೇಕಾದದ್ದು. ನಾವು ತಂದದ್ದು ತೆಂಗಿನಕಾಯಿ ಮತ್ತು ಬೆಲ್ಲದಲ್ಲಿ ಮಾಡಿದ ಹಲ್ವದ ಎರಡು ಕಟ್ಟುಗಳು ಮಾತ್ರ. ಅದನ್ನು ಕೈಯಲ್ಲಿ ಹಿಡಿದಾಗ ಅಮ್ಮ, ತಮ್ಮ ಅಪ್ಪ ಮಂಗಳೂರಿನ ಬಂದರಿನಲ್ಲಿ ದ್ವೀಪದವರ ಓಡಗಳಿಂದ, ಅಂದರೆ ಹಾಯಿದೋಣಿಗಳಿಂದ, ಹುರಿಹಗ್ಗ ಇಳಿಯುವುದನ್ನು ಕಂಡಿದ್ದರೆಂದು ನೆನಪಿಸಿಕೊಂಡರು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು ಆಗ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶವಾದವು, ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಕಾಯಿ, ಹಗ್ಗ ತಂದು ಅಕ್ಕಿ ಕೊಂಡುಹೋಗುತ್ತಿದ್ದ ಆ ಓಡಗಳಲ್ಲಿ ಜನರು ತಮ್ಮದೆಂದು ಏನನ್ನು ಒಯ್ಯುತ್ತಿದ್ದರೋ ಎಂದು ಅಮ್ಮ ಬಹಳ ಹೊತ್ತು ಮಾತಾಡಿದರು.

ದೊಡ್ಡ ವಿಲಾಸಿ ಹಡಗುಗಳ ಕ್ರಮ ಬೇರೆ. ದುಬೈಯ ಪೋರ್ಟ್ ರಶೀದಿನಿಂದ ಅಂತಹ ಹಡಗಿನಲ್ಲಿ ಹೋಗಿಬಂದ ನನ್ನ ಭಾವ ಹೇಳಿದಂತೆ, ಅಲ್ಲಿ ದೊಡ್ಡ ಬ್ಯಾಗಿಗೆ ಚೀಟಿ ಕಟ್ಟಿ ಬಂದರಿನಲ್ಲಿಯೇ ಒಪ್ಪಿಸುತ್ತಾರೆ, ಅದು ಕೋಣೆಯ ಬಾಗಿಲಿಗೆ ಬರುವುದು ಕೆಲವು ಗಂಟೆಗಳ ಬಳಿಕ. ಕೊನೆಯ ರಾತ್ರಿ ಮತ್ತೆ ಬಾಗಿಲ ಹೊರಗಿಡಬೇಕು. ಮರುದಿನ ಉಡುವ ಬಟ್ಟೆಯನ್ನೂ ಪಾಸ್‌ಪೋರ್ಟನ್ನೂ ಅದರೊಳಗೆ ಹಾಕಿ ಒಪ್ಪಿಸಿದರೆ ಪೇಚಾಟ ತಪ್ಪಿದ್ದಲ್ಲ. ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆಯನ್ನು ಒಯ್ಯಗೊಡುವುದಿಲ್ಲ. ರಾತ್ರಿಯೂಟಕ್ಕೆ ಒಳ್ಳೆಯ ಉಡುಪು ಬೇಕಾಗುವುದರಿಂದ ಬಟ್ಟೆ ಕೊಂಚ ಹೆಚ್ಚಾಗುತ್ತದೆ, ಆದರೆ ಹೊರುವ ಕಷ್ಟ ಕಡಿಮೆ.

ಮನೆಗೆ ಬಂದ ಮರುದಿನ ಅದೇ ಜಗಲಿಯಲ್ಲಿ, ಅದೇ ತಕ್ಕಡಿಯಲ್ಲಿ, ಬಳಸಿದ್ದನ್ನೂ ಮಡಿಕೆ ಬಿಚ್ಚದೆ ಮರಳಿದ್ದನ್ನೂ ಬೇರೆ ಬೇರೆ ತೂಗಿದೆ. ಬಿಚ್ಚದೆ ಉಳಿದದ್ದು 13 ಕಿಲೊ: ಎರಡು ರೇಷ್ಮೆ ಸೀರೆ, ಎರಡು ಜೀನ್ಸ್, ಟರ್ಕಿ ಟವಲ್‌ಗಳು, ಒಂದು ಜತೆ ಶೂ, ಮಗಳ ನಾಲ್ಕು ಫ್ರಾಕು, ಜತೆಗೆ ಖಾಲಿಯಾಗಿಯೇ ಭಾರವಿರುವ ಆ ಟ್ರಾಲಿಯನ್ನೂ ನಾನು ಇದರಲ್ಲಿಯೇ ಸೇರಿಸಿದ್ದೇನೆ. ನಮಗೆ ನಿಜಕ್ಕೂ ಬೇಕಾದದ್ದು 26 ಕಿಲೊ. ಮುಂದಿನ ಬಾರಿ ಮಂಚದಡಿಗೆ ತೂರುವ ಮೆತ್ತನೆಯ ಬ್ಯಾಗುಗಳು ಎರಡು, ಬೆನ್ನಿನ ಚೀಲಗಳು ಎರಡು. ಅಮ್ಮನ ಕೈಗೆ ಏನೂ ಇಲ್ಲ. ಮಿನಿಕಾಯ್‌ನಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ನಾವು ಮೂವರು ಹತ್ತಿದಾಗ ಅವರು ಚೀಲಗಳನ್ನು ಕಾಯುತ್ತ ಕೆಳಗೆ ಕುಳಿತಿದ್ದರು. ಇನ್ನೊಮ್ಮೆ ಹೋದರೆ ಕೆಲವು ಮೆಟ್ಟಿಲನ್ನಾದರೂ ಹತ್ತಬೇಕೆಂದು ಅವರಿಗೆ ಆಸೆಯಿದೆ.