15 ವರ್ಷ ತುಂಬುತ್ತಿರುವ ಡೀಸೆಲ್ ಕಾರು: ಬಳ್ಳಾರಿಯ ಬಳಕೆದಾರನೊಬ್ಬನ ವಿಮರ್ಶೆ

2011ರಲ್ಲಿ ಹೊಸದಾಗಿ ಕೊಂಡು, ಬಳ್ಳಾರಿಯಲ್ಲೇ ನೋಂದಣಿ ಮಾಡಿಸಿ, ಅಂದಿನಿಂದ ನಮ್ಮ ಮನೆಯಲ್ಲೇ ಇರುವ ಸಣ್ಣ ಡೀಸೆಲ್ ಕಾರಿನ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಕಾರು ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ದಾಟಿದೆ. ಓಡಾಟವೆಲ್ಲ ಹೆಚ್ಚಾಗಿ ಸಂಡೂರು, ತೋರಣಗಲ್ಲು, ಹೊಸಪೇಟೆ, ಸಿರುಗುಪ್ಪದ ಕಡೆಗೆ. ಅಂದರೆ ಅದಿರಿನ ಕೆಂಧೂಳು, ಲಾರಿಗಳ ಭಾರಕ್ಕೆ ಕಿತ್ತುಹೋದ ರಸ್ತೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ನೋಂದಣಿಯ ಅವಧಿ ಮುಗಿಯುತ್ತ ಬಂದಂತೆ ಇದನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಪ್ರಶ್ನೆ ಬಂತು. ಎಲ್ಲವನ್ನೂ ಬಿಚ್ಚಿಸಿ, ನೋಡಿಸಿ, ಲೆಕ್ಕ ಹಾಕಿದ ಮೇಲೆ ಇಟ್ಟುಕೊಳ್ಳಲು ನಿರ್ಧರಿಸಿದ್ದೇನೆ.

ನಮ್ಮ ಭಾಗದಲ್ಲಿ ಕಾರಿಗೆ ವಯಸ್ಸಾಗುವ ಬಗೆಯೇ ಬೇರೆ ಎಂಬುದು ಈ ನಿರ್ಧಾರಕ್ಕೆ ಮುಖ್ಯ ಕಾರಣ. ಕರಾವಳಿಯಲ್ಲಿ ಉಪ್ಪುಗಾಳಿಯೂ ಮಳೆಯೂ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ; ತಳ ಒಮ್ಮೆ ಕೊಳೆತ ಮೇಲೆ ಅಂಥ ಕಾರಿಗೆ ಎಷ್ಟು ಖರ್ಚು ಮಾಡಿದರೂ ಅದು ವ್ಯರ್ಥ. ಬಳ್ಳಾರಿಯ ಒಣ ಹವೆಯಲ್ಲಿ ತಗಡು ಉಳಿಯುತ್ತದೆ, ರಬ್ಬರು ಮತ್ತು ಪ್ಲಾಸ್ಟಿಕ್ ಸಾಯುತ್ತವೆ. ಕಾರನ್ನು ಲಿಫ್ಟಿಗೆ ಏರಿಸಿ, ಬಾಗಿಲ ಕೆಳಗಿನ ಪಟ್ಟಿ, ಸ್ಟ್ರಟ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕಂಬ) ಕೂರುವ ಜಾಗ, ಹಿಂದಿನ ಆಕ್ಸಲ್ ಹಿಡಿದಿರುವ ಭಾಗಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿಸಿದಾಗ ಎಲ್ಲಿಯೂ ತಗಡು ಒಳಸರಿಯಲಿಲ್ಲ. ಆದರೆ ಹೋಸ್ ಪೈಪುಗಳು, ಎಂಜಿನ್ ಮೌಂಟಿಂಗ್, ಬಾಗಿಲಿನ ಬೀಡಿಂಗ್ ಎಲ್ಲವೂ ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಇವೆಲ್ಲ ಬದಲಾಯಿಸಬಹುದಾದ ವಸ್ತುಗಳು. ಆದ್ದರಿಂದ ಕಾರು ಎಷ್ಟು ವರ್ಷದ್ದು ಎಂಬುದಕ್ಕಿಂತ ಅದರಲ್ಲಿ ಏನು ಕೆಟ್ಟಿದೆ ಎಂಬುದನ್ನೇ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಅತಿ ಹೆಚ್ಚು ಕಾಡಿದ್ದು ಕೂಲಿಂಗ್ ವ್ಯವಸ್ಥೆ. ಸಂಡೂರಿನ ಏರಿನಲ್ಲಿ ಎಸಿ ಹಾಕಿಕೊಂಡು ಹೋಗುವಾಗ ಉಷ್ಣಾಂಶದ ಮುಳ್ಳು ಮೇಲೇರಲು ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ತೊಳೆದು ಕೊಟ್ಟರು. ಸ್ವಲ್ಪ ಕಾಲದಲ್ಲೇ ಅದೇ ತೊಂದರೆ ಮರುಕಳಿಸಿತು. ಬೇರೊಬ್ಬ ಮೆಕ್ಯಾನಿಕ್ ರೇಡಿಯೇಟರನ್ನು ಕಳಚಿ ಮೇಲಿನ ಟ್ಯಾಂಕ್ ಬಿಚ್ಚಿ ತೋರಿಸಿದಾಗ ಕಾರಣ ಕಣ್ಣಿಗೆ ಬಿತ್ತು: ಕೊಳವೆಗಳ ಬಾಯಿಗೆ ಬಿಳಿ ಮಿಶ್ರಿತ ಕಂದು ಬಣ್ಣದ ಗಟ್ಟಿ ಪೊರೆ ಕಟ್ಟಿಕೊಂಡು, ಅರ್ಧದಷ್ಟು ಕೊಳವೆಗಳು ಮುಚ್ಚಿಹೋಗಿದ್ದವು. ಹಿಂದಿನ ಸರ್ವಿಸುಗಳಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಸುರಿದಿದ್ದರು. ನಮ್ಮ ಕಡೆಯ ಗಡಸು ನೀರು ಕಾದಾಗ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಇಲ್ಲಿನವರೆಲ್ಲ ನೋಡಿದ್ದೇವೆ. ಎಂಜಿನ್ನಿನೊಳಗೆ ಆದದ್ದೂ ಅದೇ. "ಸರ, ಇನ್ನ ಮ್ಯಾಲೆ ಇದಕ್ಕ ಬೋರಿನ ನೀರು ಹಾಕಾಕ ಯಾರಿಗೂ ಬಿಡಬ್ಯಾಡ್ರಿ" ಎಂದು ಆತ ಹೇಳಿದ ಮಾತನ್ನು ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ.

ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಎರಡೂ ಹೋಸ್ ಪೈಪುಗಳು ಮತ್ತು ರೇಡಿಯೇಟರ್ ಕ್ಯಾಪನ್ನು ಒಟ್ಟಿಗೇ ಹಾಕಿಸಿದೆ. ಕ್ಯಾಪಿನ ಬೆಲೆ ಅತ್ಯಲ್ಪ, ಆದರೆ ಅದನ್ನು ಕಡೆಗಣಿಸಬಾರದು. ಅದು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ರಬ್ಬರು ಸಡಿಲವಾದರೆ ಉಳಿದೆಲ್ಲ ಹೊಸದಿದ್ದರೂ ಏರಿನಲ್ಲಿ ಎಂಜಿನ್ ಕಾಯುತ್ತದೆ. ಇನ್ನೊಂದು ಸಂಗತಿ, ಎಸಿಯ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ. ಇವೆರಡರ ನಡುವಿನ ಸಂದಿಯಲ್ಲಿ ಅದಿರಿನ ಧೂಳು ಜಿಡ್ಡಿನೊಂದಿಗೆ ಸೇರಿ ಕಂಬಳಿಯಂತೆ ಅಂಟಿಕೊಂಡಿತ್ತು. ಹೊರಗಿನಿಂದ ಜೋರಾಗಿ ನೀರು ಹೊಡೆದರೆ ಧೂಳು ಇನ್ನೂ ಒಳಕ್ಕೆ ಹೋಗುತ್ತದೆ, ತೆಳುವಾದ ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ತೊಳೆಯಬೇಕು. ಇಷ್ಟು ಮಾಡಿಸಿದ ಮೇಲೆ ಮೇ ತಿಂಗಳ ಮಧ್ಯಾಹ್ನದಲ್ಲಿಯೂ ಮುಳ್ಳು ಅರ್ಧ ದಾಟಿಲ್ಲ, ಎಸಿಯೂ ಮೊದಲಿಗಿಂತ ಚೆನ್ನಾಗಿ ತಂಪು ಕೊಡುತ್ತಿದೆ.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದ ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ತೋಳಿನ ರಬ್ಬರ್ ಜೋಡಣೆ) ನಮ್ಮ ರಸ್ತೆಗಳಲ್ಲಿ ವರ್ಷವೂ ಬಾಳಲಿಲ್ಲ, ಕಂಪನಿಯ ಅಸಲಿ ಭಾಗ ಬಾಳುತ್ತಿದೆ. ಲೇಬರ್ ಎರಡು ಬಾರಿ ಕೊಡುವುದಕ್ಕಿಂತ ಅದೇ ಲಾಭ. ಟೈರುಗಳ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳಿದ್ದ ಕಾರಣ ತೆಗೆಸಿದೆ. ಟೈರಿನ ಮೇಲಿನ ನಾಲ್ಕು ಅಂಕಿಯ ಸಂಖ್ಯೆಯನ್ನು ಓದಿಕೊಳ್ಳಿ: 3419 ಎಂದಿದ್ದರೆ ಅದು 2019ರ 34ನೇ ವಾರದಲ್ಲಿ ತಯಾರಾದದ್ದು.

ಎಂಜಿನ್ ಚೆನ್ನಾಗಿಲ್ಲದಿದ್ದರೆ ಮೇಲಿನ ಯಾವ ಖರ್ಚಿಗೂ ಅರ್ಥವಿರುತ್ತಿರಲಿಲ್ಲ. ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿ ಇರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ನೋಡಿದರೆ, ಪಿಸ್ಟನ್ ರಿಂಗ್ ಸವೆದ ಎಂಜಿನ್ನಿನಲ್ಲಿ ಹೊಗೆ ದಟ್ಟವಾಗಿ ಪುಸುಪುಸು ಎಂದು ಹೊರಬರುತ್ತದೆ. ಇದರಲ್ಲಿ ತೆಳುವಾದ ಆವಿಯಷ್ಟೇ ಕಂಡಿತು. ಒಂದು ಸರ್ವಿಸಿನಿಂದ ಇನ್ನೊಂದಕ್ಕೆ ಆಯಿಲ್ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ, ಚಳಿಗಾಲದ ಬೆಳಗ್ಗೆಯೂ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ.

ಹಳೆಯ ಕಾರು ಕೊಳ್ಳುವವರು ಬೆಲೆ ಇಳಿಸಲು ಮೊದಲು ಹೇಳುವ ಮಾತು "15 ವರ್ಷ ಆಯ್ತಂದ್ರ ಗುಜರಿಗೇ ಹೋಗತೈತಿ" ಎಂಬುದು. ಇದು ನಿಜವಲ್ಲ. ಹತ್ತು ವರ್ಷದ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೂ, ನಮೂನೆ 25ರಲ್ಲಿ ಅರ್ಜಿ ಹಾಕಿ, ಆರ್‌ಟಿಒ ಕಚೇರಿಯಲ್ಲಿ ವಾಹನ ತೋರಿಸಿ, ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂಪಾಯಿಗೆ ಏರಿದೆ. ಹಸಿರು ತೆರಿಗೆ ಪ್ರತ್ಯೇಕ. ನನ್ನ ಕಾರು ಬಿಎಸ್-3 (ಹೊಗೆ ಮಿತಿಯ ಹಳೆಯ ಮಾನದಂಡ) ಆಗಿರುವುದರಿಂದ ಹೊಗೆ ತಪಾಸಣೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು.

ಹಣದ ಲೆಕ್ಕಕ್ಕೆ ವಿಮೆಯ ಸವಕಳಿ ಪಟ್ಟಿಯನ್ನೇ ಆಧಾರವಾಗಿ ಹಿಡಿದೆ. ಆ ಪಟ್ಟಿಯ ಪ್ರಕಾರ ಐದನೇ ವರ್ಷ ಮುಗಿಯುವ ಹೊತ್ತಿಗೆ ಕಾರಿನ ಮೌಲ್ಯ ಅರ್ಧಕ್ಕೆ ಇಳಿಯುತ್ತದೆ. ಎಂಟು ಲಕ್ಷದ ಕಾರು ಕೊಂಡರೆ ಸವಕಳಿಯೊಂದೇ ವರ್ಷಕ್ಕೆ ಸರಾಸರಿ 80,000 ರೂಪಾಯಿ, ಸಾಲದ ಬಡ್ಡಿ ಬೇರೆ. ನನ್ನ ಕಾರಿನ ಅತಿ ದುಬಾರಿ ವರ್ಷದ ದುರಸ್ತಿಯೂ ಅಷ್ಟಕ್ಕೆ ಬಂದಿಲ್ಲ. ಆದರೆ ಹಳೆಯ ಕಾರಿನ ಐಡಿವಿ, ಅಂದರೆ ವಿಮೆಯಲ್ಲಿ ಕಾರಿಗೆ ಹಿಡಿಯುವ ಮೌಲ್ಯ, ತೀರ ಕಡಿಮೆ ಇರುತ್ತದೆ. ಅಪಘಾತದ ದುರಸ್ತಿ ಅದರ ಶೇ 75ನ್ನು ಮೀರಿದರೆ ವಿಮಾ ಕಂಪನಿ ಪೂರ್ಣ ನಷ್ಟವೆಂದೇ ಪರಿಗಣಿಸುತ್ತದೆ ಎಂಬುದು ನೆನಪಿನಲ್ಲಿರಬೇಕು.

ಕಾರನ್ನು ಕೊಟ್ಟುಬಿಡಬೇಕು ಎನ್ನುವುದಕ್ಕೆ ಇರುವ ಬಲವಾದ ಕಾರಣ ಒಂದೇ, ಅದು ಸುರಕ್ಷತೆ. ಇದರಲ್ಲಿ ಏರ್‌ಬ್ಯಾಗೂ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ಸೂ ಇಲ್ಲ. ಇವು ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2019ರಲ್ಲಿ. ಎಷ್ಟು ದುರಸ್ತಿ ಮಾಡಿಸಿದರೂ ಈ ಕೊರತೆ ತುಂಬುವುದಿಲ್ಲ, ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಆದ್ದರಿಂದ ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆ ಈ ಕಾರನ್ನು ಬಳಸುವುದನ್ನು ಪೂರ್ತಿಯಾಗಿ ನಿಲ್ಲಿಸಿದ್ದೇನೆ. ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್ ರೈಲು ಇದೆ. ಮನೆಯಲ್ಲಿ ಯಾರಾದರೂ ಪ್ರತಿದಿನ ಹೆದ್ದಾರಿಯಲ್ಲಿ ಓಡಾಡಬೇಕಾಗಿ ಬಂದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅಂದೇ ಇದನ್ನು ಮಾರುತ್ತೇನೆ. ಟರ್ಬೊ ಅಥವಾ ಇಂಜೆಕ್ಟರುಗಳ ಪೂರ್ಣ ಸೆಟ್ ಹೋದರೂ ಅಷ್ಟೆ. ಆ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಬರುತ್ತದೆ.

ಸದ್ಯಕ್ಕೆ ಬಾಕಿ ಇರುವುದು ಕ್ಲಚ್. ಪೆಡಲ್ ಗಟ್ಟಿಯಾಗಿದೆ, ಏರಿನಲ್ಲಿ ಸ್ವಲ್ಪ ಜಾರುತ್ತಿದೆ. ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ಬೇರಿಂಗನ್ನು ಸೆಟ್ಟಾಗಿಯೇ ಹಾಕಿಸುವುದೆಂದು ಮಾತಾಗಿದೆ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿಯುವುದರಿಂದ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲನ್ನೂ ಅದೇ ಲೇಬರಿನಲ್ಲಿ ಬದಲಾಯಿಸಲು ಹೇಳಿದ್ದೇನೆ.