ಮನೆ ಬಾಗಿಲಿಗೆ ಬಂದು ಗುಜರಿ ಕೊಳ್ಳುವ ಸೇವೆ: 2017ರಿಂದ ಬಳಸಿದ ಅನುಭವ

ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಮನೆಗೇ ಬಂದು ರದ್ದಿ, ರಟ್ಟು, ಪ್ಲಾಸ್ಟಿಕ್, ಕಬ್ಬಿಣ ತೂಗಿ, ಹಣ ಕೊಟ್ಟು ಒಯ್ಯುವ ಕಂಪನಿಗಳು ಬೆಂಗಳೂರಿನಲ್ಲಿ ಹಲವು ಇವೆ. ಅಂಥ ಒಂದು ಕಂಪನಿಯ ಸೇವೆಯನ್ನು ನಾನು 2017ರಿಂದ ಬಳಸುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಕೊರತೆಗಳಲ್ಲಿ ಹೆಚ್ಚಿನವು ಈ ವ್ಯವಹಾರಕ್ಕೇ ಅಂಟಿಕೊಂಡವು; ಇನ್ನೊಂದು ಕಂಪನಿಗೆ ಹೋದರೂ ಅವೇ ಎದುರಾಗುತ್ತವೆ. ಇಂಥ ಸೇವೆಯ ಬಗ್ಗೆ ಹೊಸಬರು ನನ್ನನ್ನು ಮೊದಲು ಕೇಳುವುದು ಕಿಲೋಗೆ ಎಷ್ಟು ಕೊಡುತ್ತಾರೆ ಎಂದು. ಇಷ್ಟು ವರ್ಷಗಳ ಬಳಕೆಯ ನಂತರ ನಾನು ಕೇಳುವ ಪ್ರಶ್ನೆ ಬೇರೆಯೇ: ಗುಜರಿಯ ಬೆಲೆ ಬಿದ್ದಾಗ ಇವರು ಬರುತ್ತಾರೆಯೇ?

ಸೇವೆಯ ಕ್ರಮ ಸರಳ. ದಿನ ಮತ್ತು ಹೊತ್ತು ಆರಿಸಿದರೆ ಗೂಡ್ಸ್ ಆಟೋದಲ್ಲಿ ಇಬ್ಬರು ಬರುತ್ತಾರೆ, ಡಿಜಿಟಲ್ ಯಂತ್ರದಲ್ಲಿ ನಮ್ಮ ಕಣ್ಣೆದುರೇ ತೂಗುತ್ತಾರೆ, ಯುಪಿಐ ಮೂಲಕ ಹಣ ಹಾಕಿ ರಸೀದಿ ಕಳುಹಿಸುತ್ತಾರೆ. ತೂಕದ ವಿಷಯದಲ್ಲಿ ನನ್ನ ದೂರಿಲ್ಲ. ಮನೆಯಲ್ಲೇ ಮೊದಲು ತೂಗಿಟ್ಟು ಹಲವು ಸಲ ತಾಳೆ ನೋಡಿದ್ದೇನೆ, ವ್ಯತ್ಯಾಸ ಬಂದಿಲ್ಲ. ಕೈತಕ್ಕಡಿಯಲ್ಲಿ ಕಣ್ಣೆದುರೇ ರದ್ದಿ ಹಗುರಾಗುವುದನ್ನು ನೋಡಿ ಬೆಳೆದವರಿಗೆ ಇದರ ಬೆಲೆ ಗೊತ್ತು.

ನಾನು ಸೇರಿದಾಗ ನೋಟು ರದ್ದತಿಯ ಪೆಟ್ಟು ಇನ್ನೂ ಆರಿರಲಿಲ್ಲ. ಗುಜರಿ ಅಂಗಡಿಯ ವ್ಯವಹಾರ ನಡೆಯುವುದೇ ನಗದಿನಲ್ಲಿ. ಚಿಂದಿ ಆಯುವವರಿಗೆ ಅಂದಂದಿನ ಸರಕಿಗೆ ಅಂದಂದೇ ದುಡ್ಡು ಕೊಡಬೇಕು. ನಮ್ಮ ಬೀದಿಯ ಅಂಗಡಿ ಎಷ್ಟೋ ದಿನ ಅರ್ಧ ಬಾಗಿಲು ಹಾಕಿಕೊಂಡಿತ್ತು. ಬ್ಯಾಂಕ್ ಖಾತೆಗೆ ಹಣ ಹಾಕುವ ಕಂಪನಿಗೆ ಆಗ ಸಹಜವಾಗಿಯೇ ಜಾಗ ಸಿಕ್ಕಿತು. ಮೊದಲ ತಿಂಗಳುಗಳಲ್ಲಿ ಅವರ ಸೇವೆ ಬಹಳ ಚೆನ್ನಾಗಿತ್ತು: ಕರೆದ ದಿನ ಬರುತ್ತಿದ್ದರು, ಹಾಲಿನ ಕವರಿನಿಂದ ಹಿಡಿದು ಹಳೆಯ ಬಕೆಟ್‌ವರೆಗೆ ಎಲ್ಲವನ್ನೂ ಒಯ್ಯುತ್ತಿದ್ದರು.

2018ರಲ್ಲಿ ಬದಲಾವಣೆ ಕಾಣತೊಡಗಿತು. ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದ ಹಲವು ಬಗೆಯ ತ್ಯಾಜ್ಯ ಪ್ಲಾಸ್ಟಿಕ್ ಮತ್ತು ವಿಂಗಡಿಸದ ಕಾಗದಕ್ಕೆ ಆ ವರ್ಷದ ಆರಂಭದಿಂದ ಚೀನಾ ಬಾಗಿಲು ಮುಚ್ಚಿತು. ಅಮೆರಿಕ, ಯುರೋಪುಗಳ ಹಳೆಯ ಕಾಗದ ಬೇರೆ ಬಂದರು ಹುಡುಕುತ್ತ ಭಾರತಕ್ಕೂ ಬಂತು. ನಮ್ಮ ಕಾಗದದ ಗಿರಣಿಗಳಿಗೆ ಹಡಗಿನಲ್ಲೇ ಅಗ್ಗದ ಸರಕು ಇಳಿಯುವಾಗ ಬೆಂಗಳೂರಿನ ಗುಜರಿ ಪೇಟೆಯಾದ ಜಾಲಿ ಮೊಹಲ್ಲಾದ ರದ್ದಿ ವ್ಯಾಪಾರಿ ಹೆಚ್ಚು ಬೆಲೆ ಕೇಳುವುದು ಹೇಗೆ? ಅಲ್ಲಿ ಇಳಿದ ಬೆಲೆ ನನ್ನ ರಸೀದಿಯಲ್ಲೂ ಇಳಿಯಿತು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಾದದ್ದು ಕಂಪನಿಯ ನಡೆಯಿಂದ. ದರ ಇಳಿಸಿದ್ದನ್ನು ಹೇಳಿದರು, ಆದರೆ ಅವರು ಬರಬೇಕಾದರೆ ನಮ್ಮಲ್ಲಿ ಇರಬೇಕಾದ ಕನಿಷ್ಠ ತೂಕದ ಮಿತಿಯನ್ನು ಸದ್ದಿಲ್ಲದೆ ಏರಿಸಿದರು. ಬುಕ್ ಮಾಡಿದ ದಿನ ಬೆಳಿಗ್ಗೆ 'ಇಂದು ಸಾಧ್ಯವಾಗುತ್ತಿಲ್ಲ' ಎಂಬ ಸಂದೇಶ ಬರುವುದು ರೂಢಿಯಾಯಿತು. ಕಾರಣ ಕೇಳಿದರೆ ವಾಹನ ಕೆಟ್ಟಿದೆ ಎಂಬ ಉತ್ತರ. ರಟ್ಟಿಗೆ ಬೆಲೆ ಏರಿದ ವಾರ ಮಾತ್ರ ವಾಹನ ಎಂದೂ ಕೆಟ್ಟದ್ದಿಲ್ಲ.

2020 ಇನ್ನೂ ಕಠಿಣ. ಲಾಕ್‌ಡೌನ್‌ನಲ್ಲಿ ಯಾರೂ ಬರಲಾರರು, ಅದು ಅರ್ಥವಾಗುತ್ತದೆ. ಸೇವೆ ಮತ್ತೆ ಶುರುವಾದಾಗ ಮಾತ್ರ ಕೊಳ್ಳುವ ವಸ್ತುಗಳ ಪಟ್ಟಿಯೇ ಕಿರಿದಾಗಿತ್ತು. ಹಾಲಿನ ಕವರ್, ಶಾಂಪೂ ಬಾಟಲಿ, ಮುರಿದ ಕುರ್ಚಿ ಎಲ್ಲಕ್ಕೂ ಕತ್ತರಿ. ಇದರ ಬೇರು ಕಚ್ಚಾ ತೈಲದಲ್ಲಿತ್ತು. ಆ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ (ಮುಂದೆ ಪಡೆಯುವ ಸರಕಿಗೆ ಇಂದೇ ಒಪ್ಪುವ ಬೆಲೆ) ಸೊನ್ನೆಗಿಂತಲೂ ಕೆಳಗೆ ಬಿದ್ದಿತ್ತು. ಹೊಸ ಪ್ಲಾಸ್ಟಿಕ್ ಹುಟ್ಟುವುದು ತೈಲ ಮತ್ತು ಅನಿಲದಿಂದ. ಮೈಸೂರು ರಸ್ತೆಯ ನಾಯಂಡಹಳ್ಳಿಯ ಸಣ್ಣ ಘಟಕಗಳಲ್ಲಿ ನಮ್ಮ ಹಳೆಯ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿ ನೋಡಿ ವಿಂಗಡಿಸಿ, ಕತ್ತರಿಸಿ, ತೊಳೆದು, ಕರಗಿಸಿ, ಹೊಸ ಸಾಮಾನು ಮಾಡಲು ಬೇಕಾದ ಸಣ್ಣ ಗುಳಿಗೆ ಮಾಡುತ್ತಾರೆ. ಅಷ್ಟೆಲ್ಲ ದುಡಿಮೆಯ ನಂತರ ಬರುವ ಗುಳಿಗೆಗಿಂತ ಹೊಸದೇ ಅಗ್ಗವಾದರೆ ಕಾರ್ಖಾನೆಗಳು ಹಳೆಯದನ್ನೇಕೆ ಕೊಳ್ಳುತ್ತವೆ? ನಾಯಂಡಹಳ್ಳಿಗೆ ಬೇಡವಾದದ್ದು ಕಂಪನಿಗೆ ಬೇಡವಾಯಿತು, ಕಂಪನಿಗೆ ಬೇಡವಾದದ್ದು ನಮ್ಮ ಬಾಲ್ಕನಿಯಲ್ಲಿ ಚೀಲ ಚೀಲವಾಗಿ ಬೆಳೆಯಿತು.

ಆಗ ಕೈಹಿಡಿದದ್ದು ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಮಹಿಳೆಯೊಬ್ಬರು ಅದನ್ನು ನಡೆಸುತ್ತಾರೆ. ಬೆಲೆಯಿರುವ ರಟ್ಟಿನ ಜೊತೆ ಬೆಲೆಯಿಲ್ಲದ ಚಿಪ್ಸ್ ಪೊಟ್ಟಣವನ್ನೂ ಅವರು ತೆಗೆದುಕೊಂಡರು. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಹೊದಿಕೆಯಲ್ಲಿ ಹಲವು ಪದರಗಳು ಬೆಸೆದಿರುತ್ತವೆ. ಅವನ್ನು ಬೇರ್ಪಡಿಸುವುದು ದುಬಾರಿ. ಕೊಳ್ಳುವವರಿಲ್ಲದ ಕಾರಣ ಅಂಥವು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಹೋಗುತ್ತವೆ, ಅಲ್ಲಿಗೆ ಸಾಗಿಸಲು ಕೇಂದ್ರದವರ ಕೈಯಿಂದಲೇ ಖರ್ಚಾಗುತ್ತದೆ. 'ರಟ್ಟನ್ನು ಬೇರೆಯವರಿಗೆ ಮಾರಿ ಚಿಪ್ಸ್ ಕವರನ್ನು ಮಾತ್ರ ನಮಗೆ ಕೊಟ್ಟರೆ ನಾವು ಬದುಕುವುದು ಹೇಗೆ, ಅಕ್ಕಾ?' ಎಂದು ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅಂದಿನಿಂದ ನಮ್ಮ ರಟ್ಟಿನಲ್ಲಿ ಒಂದು ಪಾಲು ಕೇಂದ್ರಕ್ಕೆ ಹೋಗುತ್ತದೆ.

2021ರ ನಡುವಿನಿಂದ ಗಾಳಿ ತಿರುಗಿತು. ಹಡಗಿನ ಕಂಟೇನರುಗಳಿಗೆ ಬರ, ಸಾಗಣೆ ಬಾಡಿಗೆ ವಿಪರೀತ. ಹೊರಗಿನ ರದ್ದಿ ದುಬಾರಿಯಾಯಿತು. ಇತ್ತ ಆನ್‌ಲೈನ್ ಖರೀದಿ ಹೆಚ್ಚಿ ರಟ್ಟಿನ ಪೆಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ. ಹಳೆಯ ಪತ್ರಿಕೆಗೆ ಹಿಂದಿನ ದರದ ಎರಡು ಪಟ್ಟಿಗೂ ಮೀರಿ ಸಿಕ್ಕಿತು. ಕಂಪನಿಯವರೇ ಫೋನ್ ಮಾಡಿ 'ಏನಾದರೂ ಇದೆಯೇ ಮೇಡಂ' ಎಂದು ಕೇಳುತ್ತಿದ್ದ ಕಾಲವದು. ಅದೇ ಅಕ್ಟೋಬರ್ 1ರಿಂದ ತ್ಯಾಜ್ಯ ಪ್ಲಾಸ್ಟಿಕ್ ಮೇಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿತು. ಪ್ಲಾಸ್ಟಿಕ್ ದರ ಇಳಿಸುವಾಗ ಕಂಪನಿ ಈ ಕಾರಣವನ್ನು ನೇರವಾಗಿ ಬರೆದು ತಿಳಿಸಿತು. ಅದು ನನಗೆ ಮೆಚ್ಚುಗೆಯಾಯಿತು. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವ ಬೀದಿಯ ಗುಜರಿ ಅಂಗಡಿಗೆ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ. ಆ ತೆರಿಗೆಯ ಹೊರೆ ಇಲ್ಲದ್ದರಿಂದ ಪ್ಲಾಸ್ಟಿಕ್‌ಗೆ ನಮ್ಮಲ್ಲಿ ಅಂಗಡಿಯವರೇ ಹೆಚ್ಚು ಕೊಡುತ್ತಾರೆ; ಕಾಗದಕ್ಕಾದರೆ ಕಂಪನಿ ಹೆಚ್ಚು ಕೊಡುತ್ತದೆ.

ಏರಿದ್ದು ಮತ್ತೆ ಇಳಿಯಿತು. ಆದರೆ ಈ ಸಲ ಕಂಪನಿ ಬೇರೆ ದಾರಿ ಹಿಡಿಯಿತು: ಕನಿಷ್ಠ ತೂಕಕ್ಕಿಂತ ಕಡಿಮೆಯಿದ್ದರೂ ಬರುತ್ತೇವೆ, ಸಣ್ಣದೊಂದು ಸಂಗ್ರಹಣಾ ಶುಲ್ಕ ಕೊಡಿ ಎಂದಿತು. ಬಹಳ ಮಂದಿ ಇದನ್ನು ಬೈದರು. 'ನಮ್ಮ ವಸ್ತು ಕೊಟ್ಟು ನಾವೇ ದುಡ್ಡು ಕೊಡಬೇಕೇ' ಎಂದು ಪಕ್ಕದ ಮನೆಯ ಹಿರಿಯರು ಸೇವೆಯನ್ನೇ ಬಿಟ್ಟರು. ನಾನು ಶುಲ್ಕ ಕೊಡುತ್ತೇನೆ, ಸಂತೋಷದಿಂದಲೇ ಕೊಡುತ್ತೇನೆ. ರಟ್ಟಿನ ಬೆಲೆ ಅರ್ಧಕ್ಕೆ ಇಳಿದರೆ ಡೀಸೆಲ್ ಅರ್ಧಕ್ಕೆ ಇಳಿಯುವುದಿಲ್ಲ, ಮೂರನೆಯ ಮಹಡಿಯಿಂದ ಚೀಲ ಹೊತ್ತಿಳಿಸುವ ಇಬ್ಬರ ಹೊಟ್ಟೆಯ ಖರ್ಚೂ ಇಳಿಯುವುದಿಲ್ಲ. ಸಂಗ್ರಹಿಸುವ ಕೆಲಸಕ್ಕೆ ಸಂಗ್ರಹಿಸಿದ ವಸ್ತುವಿನ ಬೆಲೆಯಿಂದಲೇ ಕೂಲಿ ಹುಟ್ಟಬೇಕು ಎಂದು ಕುಳಿತರೆ, ಮಾರುಕಟ್ಟೆ ಬಿದ್ದ ದಿನ ಕಸ ಮನೆಯಲ್ಲೇ ಉಳಿಯುತ್ತದೆ. ಶುಲ್ಕ ಬಂದ ಮೇಲೆ ಕೊನೆಗಳಿಗೆಯ ರದ್ದತಿ ಬಹಳ ಕಡಿಮೆಯಾಗಿದೆ, ಹಾಲಿನ ಕವರ್ ಪಟ್ಟಿಗೆ ಮರಳಿದೆ.

ನಗರದ ಕಸದ ಶುಲ್ಕವನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತೇನೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಟ್ಟಡದ ಅಳತೆಗೆ ತಕ್ಕಂತೆ ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ನಿಗದಿಯಾಯಿತು. ಹಣ ಪಡೆದ ಮೇಲೆ ಗಾಡಿ ದಿನವೂ ಬರಬೇಕು, ವಿಂಗಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಬೆರೆಸಬಾರದು ಎಂದು ಜಗಳವಾಡುವ ಹಕ್ಕು ನಮಗಿದೆ, ಆಡಲೇಬೇಕು. ಶುಲ್ಕವೇ ತಪ್ಪು ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈಗ ಕಂಪನಿಯ ದೊಡ್ಡ ದೋಷ. ಸಾಮಾನು ಒಯ್ಯಲು ಬರುವವರಿಗೆ ಸಂಬಳದ ಮೇಲೆ ಸಿಗುವ ಪ್ರೋತ್ಸಾಹಧನ ತೂಕದ ಮೇಲೆ ನಿಂತಿದೆ. 'ನಿಮ್ಮ ಪ್ಲಾಸ್ಟಿಕ್ ಗಾಡಿ ತುಂಬುತ್ತದೆ, ತೂಕ ಬರುವುದಿಲ್ಲ ಮೇಡಂ' ಎಂದು ಹುಡುಗನೊಬ್ಬ ಹೇಳಿದಾಗ ಅವರು ಪ್ಲಾಸ್ಟಿಕ್ ಚೀಲ ಕಂಡರೆ ಮುಖ ಸಣ್ಣದು ಮಾಡುವುದೇಕೆಂದು ತಿಳಿಯಿತು. ಹಗುರವಾದ ವಸ್ತುವಿಗೆ ಚೀಲದ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡಿ ಎಂದು ಕಂಪನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತೇನೆ. ಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿ ಬರುವವರಿಗೆ ಕೈಗವಸು ಕೂಡ ಇರುವುದಿಲ್ಲ ಎಂಬುದನ್ನೂ ಬರೆಯುತ್ತೇನೆ. ಒಡೆದ ಗಾಜು, ಥರ್ಮೋಕೋಲ್ ಒಯ್ಯುವುದಿಲ್ಲ. ಅದನ್ನು ಬುಕ್ ಮಾಡುವಾಗಲೇ ತೋರಿಸಬೇಕು, ಬಾಗಿಲಲ್ಲಿ ನಿಂತು ಹೇಳುವುದಲ್ಲ.

ತೂಕಕ್ಕೆ ಪೂರ್ಣ ಅಂಕ, ಸಮಯಪಾಲನೆಗೆ ಈಗ ಒಳ್ಳೆಯ ಅಂಕ, ಕೆಲಸಗಾರರನ್ನು ನೋಡಿಕೊಳ್ಳುವುದಕ್ಕೆ ಕಡಿಮೆ. ಒಟ್ಟು ಐದರಲ್ಲಿ ಮೂರೂವರೆ. ಯುಗಾದಿ, ದೀಪಾವಳಿಯ ಮುಂಚೆ ಎಲ್ಲರೂ ಅಟ್ಟ ಖಾಲಿ ಮಾಡುವುದರಿಂದ ಹತ್ತು ದಿನ ಮೊದಲೇ ಬುಕ್ ಮಾಡಿ. ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ, ಜಿಡ್ಡಿದ್ದರೆ ತೆಗೆದುಕೊಳ್ಳುವುದಿಲ್ಲ. ಹತ್ತಿರದಲ್ಲಿ ಒಣ ತ್ಯಾಜ್ಯ ಕೇಂದ್ರವಿದ್ದರೆ ಅವರಿಗೂ ಒಂದಿಷ್ಟು ರಟ್ಟು ಎತ್ತಿಡಿ.